ಹದಿನಾಲ್ಕು ಗಂಟೆ ಹತ್ತು ನಿಮಿಷ

ಗಡಿಯಾರಪ್ಪನ ಬಗ್ಗೆ ಬರೆಯಬೇಕೆಂದು ಕೂತಾಗೆಲ್ಲ ನನಗೆ ಮೊದಲು ಬರುವುದು ಸಿಟ್ಟು. ಅವನ ಮೇಲೆ ಸ್ವಲ್ಪ, ನನ್ನ ಮೇಲೆ ಹೆಚ್ಚು. ಹತ್ತೊಂಬತ್ತು ವರ್ಷ ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತು ಕೆಲಸ ಮಾಡಿದವರು ನಾವು. ಅವನು ಕೆಮ್ಮಿದರೆ ನನ್ನ ಕುರ್ಚಿ ಅಲುಗುತ್ತಿತ್ತು. ಅಷ್ಟು ಹತ್ತಿರ ಕೂತವಳಿಗೆ ಆ ದಿನ ಕಿವಿ ಕೆಲಸ ಮಾಡಿತು, ಬುದ್ಧಿ ಮಾಡಲಿಲ್ಲ.

ನಮ್ಮದು ಒಂದು ವಿಮಾನ ಕಂಪನಿಯ ಊರೊಳಗಿನ ಕಚೇರಿ. ಎರಡನೆಯ ಮಹಡಿಯಲ್ಲಿ ಉದ್ದನೆಯ ಕೋಣೆ. ಇದ್ದದ್ದು ಒಂದೇ ಕಿಟಕಿ. ಅದನ್ನು ತೆರೆದರೆ ಎದುರಿನ ಕಟ್ಟಡದ ಹಿಂಗೋಡೆ, ಅದರ ಮೇಲೆ ಇಳಿಯುವ ನೀರಿನ ಕೊಳವೆಗಳು. ವಿಮಾನದ ಸದ್ದು ಕೂಡ ಅಲ್ಲಿಗೆ ಕೇಳಿಸುತ್ತಿರಲಿಲ್ಲ. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ ಅದು. ಎಲ್ಲಿಂದ ಎಲ್ಲಿಗೆ ಎಷ್ಟು ದೂರ, ಎಷ್ಟು ಹೊತ್ತು ಎಂದು ತಿಳಿಯಬೇಕಾದವರು ನಮ್ಮ ಕಚೇರಿಗೆ ಫೋನ್ ಮಾಡುತ್ತಿದ್ದರು. ಆ ಫೋನಿಗೆ ಉತ್ತರ ಹೇಳುವುದು ಗಡಿಯಾರಪ್ಪನ ಕೆಲಸ. ನನ್ನದು ಕಳೆದುಹೋದ ಪೆಟ್ಟಿಗೆಗಳ ವಿಭಾಗ. ಜನ ಅವನಿಗೆ ಫೋನ್ ಮಾಡುವಾಗ ಸಂಭ್ರಮದಲ್ಲಿರುತ್ತಿದ್ದರು, ನನಗೆ ಮಾಡುವಾಗ ಬೆಂಕಿಯಾಗಿರುತ್ತಿದ್ದರು. ಇದನ್ನು ಹೇಳಿ ಹೇಳಿ ನಾನು ಅವನನ್ನು ರೇಗಿಸುತ್ತಿದ್ದೆ.

"ನೀನು ಕಳಿಸೋನು, ನಾನು ಬೈಸಿಕೊಳ್ಳೋಳು. ಸಂಬಳ ಮಾತ್ರ ಇಬ್ಬರಿಗೂ ಒಂದೇ."

"ಪೆಟ್ಟಿಗೆಯಕ್ಕಾ, ನಾನು ಯಾರನ್ನೂ ಕಳಿಸೋದಿಲ್ಲ. ಹೊತ್ತು ಎಷ್ಟು ಅಂತ ಹೇಳ್ತೀನಿ ಅಷ್ಟೇ" ಅನ್ನುತ್ತಿದ್ದ ಅವನು, ತಲೆ ಎತ್ತದೆ.

ಅವನ ಎದುರಿನ ಗೋಡೆಯ ಮೇಲೆ ಒಂದು ದೊಡ್ಡ ಪಟ್ಟಿ ಇತ್ತು. ಅಡ್ಡಕ್ಕೂ ಉದ್ದಕ್ಕೂ ವಿಮಾನ ನಿಲ್ದಾಣಗಳ ಹೆಸರು. ಎರಡು ಹೆಸರು ಕೂಡುವ ಚೌಕದಲ್ಲಿ ಮೇಲೆ ಕಪ್ಪು ಶಾಯಿಯಲ್ಲಿ ಕಿಲೋಮೀಟರು, ಕೆಳಗೆ ಕೆಂಪು ಶಾಯಿಯಲ್ಲಿ ಗಂಟೆ ನಿಮಿಷ. ಅಷ್ಟೂ ಅವನದೇ ಕೈಬರಹ. ಹೋಗುವಾಗಿನ ಹೊತ್ತು ಬೇರೆ, ಬರುವಾಗಿನ ಹೊತ್ತು ಬೇರೆ, ಏಕೆಂದರೆ ಮೇಲೆ ಗಾಳಿ ಒಂದು ಕಡೆಗೆ ತಳ್ಳುತ್ತದೆ, ಇನ್ನೊಂದು ಕಡೆಗೆ ಎದುರಾಗುತ್ತದೆ. ವರ್ಷಕ್ಕೆರಡು ಸಲ ಹೊಸ ವೇಳಾಪಟ್ಟಿ ಬಂದಾಗ ಅವನು ಸ್ಟೂಲಿನ ಮೇಲೆ ನಿಂತು, ತೆಳ್ಳನೆಯ ಕುಂಚದಿಂದ ಹಳೆಯ ಅಂಕಿಗೆ ಬಿಳಿ ಬಣ್ಣ ಹಚ್ಚಿ, ಒಣಗುವವರೆಗೆ ಊದಿ, ಹೊಸದು ಬರೆಯುತ್ತಿದ್ದ. ಐದು ನಿಮಿಷದ ವ್ಯತ್ಯಾಸಕ್ಕೂ ಸ್ಟೂಲು ಹತ್ತುತ್ತಿದ್ದ. ಕೊನೆಕೊನೆಗೆ ಪಟ್ಟಿ ನೋಡುವ ಅಗತ್ಯವೇ ಅವನಿಗೆ ಬೀಳುತ್ತಿರಲಿಲ್ಲ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಾಯಲ್ಲಿರುತ್ತಿತ್ತು.

ಒಂದು ನಿಯಮವಿತ್ತು. ದೊಡ್ಡ ಸಾಹೇಬರು ಟೈಪು ಮಾಡಿಸಿ ಪಟ್ಟಿಯ ಪಕ್ಕದಲ್ಲೇ ಅಂಟಿಸಿದ್ದರು: ವಿಮಾನವು ಗಾಳಿಯಲ್ಲಿರುವ ಸಮಯವನ್ನು ಮಾತ್ರ ಹೇಳತಕ್ಕದ್ದು. ಹಿಂದೊಮ್ಮೆ ಯಾರೋ ನಡುವಿನ ನಿಲ್ದಾಣದಲ್ಲಿ ಕಾಯುವ ಹೊತ್ತನ್ನೂ ಸೇರಿಸಿ ಹೇಳಿ, ಅದು ತಪ್ಪಾಗಿ, ಕೇಳಿದವರು ಮದುವೆ ತಪ್ಪಿಸಿಕೊಂಡು, ಕಚೇರಿಗೇ ಬಂದು ಮೇಜು ಗುದ್ದಿದ್ದರಂತೆ. ಅಂದಿನಿಂದ ಮನೆಯಿಂದ ನಿಲ್ದಾಣಕ್ಕೆ ಹೋಗುವ ಹೊತ್ತು, ಸಾಲಿನಲ್ಲಿ ನಿಲ್ಲುವ ಹೊತ್ತು, ಒಂದು ವಿಮಾನ ಇಳಿದು ಇನ್ನೊಂದು ಹತ್ತುವ ತನಕ ಬೆಂಚಿನ ಮೇಲೆ ಕೂರುವ ಹೊತ್ತು, ಇವು ಯಾವುದೂ ನಮ್ಮ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅವು ಟಿಕೆಟ್ ಕೊಡುವವರ ತಲೆನೋವು. ನಾವು ಅದಕ್ಕೆ ಎಷ್ಟು ಒಗ್ಗಿಹೋಗಿದ್ದೆವೆಂದರೆ, 'ಎಷ್ಟು ಹೊತ್ತು' ಎಂದು ಯಾರಾದರೂ ಕೇಳಿದರೆ ನಮಗೆ ಬೇರೆ ಅರ್ಥವೇ ಹೊಳೆಯುತ್ತಿರಲಿಲ್ಲ.

ಕೇಳುವವರಲ್ಲಿ ಅರ್ಧಕ್ಕರ್ಧ ಜನ ಎಲ್ಲಿಗೂ ಹೋಗುವವರಲ್ಲ. ಇದು ನನಗೆ ನಿಧಾನವಾಗಿ ತಿಳಿಯಿತು. ಒಬ್ಬ ಮುದುಕರು ಪ್ರತಿ ಮಂಗಳವಾರ ಫೋನ್ ಮಾಡಿ ಅದೇ ಎರಡು ಊರಿನ ನಡುವಿನ ಹೊತ್ತು ಕೇಳುತ್ತಿದ್ದರು. ಗಡಿಯಾರಪ್ಪ ಪ್ರತಿ ಮಂಗಳವಾರವೂ ಹೊಸದಾಗಿ ಕೇಳಿದವನಂತೆ "ಒಂದು ನಿಮಿಷ ಸಾರ್, ನೋಡಿ ಹೇಳ್ತೀನಿ" ಎಂದು, ಸುಮ್ಮನೆ ಕಾಗದ ಸರಪರ ಮಾಡಿ, ಆಮೇಲೆ ಹೇಳುತ್ತಿದ್ದ. "ಈ ವಾರಾನೂ ಅಷ್ಟೇ ಇದೆ ಸಾರ್." ಆ ಕಡೆಯಿಂದ ಮುದುಕರು ಸಮಾಧಾನದಿಂದ ಫೋನಿಡುತ್ತಿದ್ದರು. ಗಡಿಯಾರಪ್ಪನ ಒಳ್ಳೆಯತನ ಕಂಡ ಇಂಥ ಹೊತ್ತಿನಲ್ಲಿ ನಾನು ಬಾಯಿಗೆ ಬೀಗ ಹಾಕಿಕೊಂಡಿರುತ್ತಿದ್ದೆ. ಹೊಗಳಿದರೆ ಅವನು ಎರಡು ದಿನ ನಾಚಿಕೆಯಿಂದ ನನ್ನ ಕಡೆ ತಿರುಗುತ್ತಲೇ ಇರಲಿಲ್ಲ.

ಇಷ್ಟೆಲ್ಲ ಹೇಳುವವನು ಒಂದು ಸಲವೂ ವಿಮಾನ ಹತ್ತಿದವನಲ್ಲ. ವಿಮಾನ ನಿಲ್ದಾಣಕ್ಕೆ ಹೋದದ್ದೂ ಒಂದೇ ಸಲ, ಕೆಲಸಕ್ಕೆ ಸೇರಿದ ದಿನ, ಗುರುತಿನ ಚೀಟಿಗೆ ಫೋಟೋ ತೆಗೆಸಿಕೊಳ್ಳಲು. ನಮಗೆ ಮೂರು ವರ್ಷಕ್ಕೊಮ್ಮೆ ಕಂಪನಿಯಿಂದ ಬಿಟ್ಟಿ ಟಿಕೆಟ್ ಸಿಗುತ್ತಿತ್ತು. ನಾನು ಒಂದನ್ನೂ ಬಿಟ್ಟವಳಲ್ಲ. ಅವನು ಒಂದನ್ನೂ ಬಳಸಿದವನಲ್ಲ. "ಹೋಗಿ ಬಾರೋ ಮಾರಾಯ, ಅಕ್ಕನನ್ನಾದರೂ ನೋಡ್ಕೊಂಡು ಬಾ" ಎಂದರೆ, "ಹೋಗೋಣ, ಅದೇನು ಮಹಾ ದೂರ. ಹದಿನಾಲ್ಕು ಗಂಟೆ ಹತ್ತು ನಿಮಿಷ" ಅನ್ನುತ್ತಿದ್ದ.

ಅಕ್ಕನ ವಿಷಯ ಹೇಳಬೇಕು. ಅವನಿಗೆ ಇದ್ದ ಬಂಧು ಎಂದರೆ ಅವಳೊಬ್ಬಳೇ. ಅವನಿಗಿಂತ ಹದಿಮೂರು ವರ್ಷ ದೊಡ್ಡವಳು. ತಾಯಿ ಹೋದಾಗ ಇವನಿಗೆ ನಾಲ್ಕು ವರ್ಷ. ಎತ್ತಿ ಆಡಿಸಿ, ಉಣಿಸಿ, ಶಾಲೆಗೆ ಹಾಕಿ, ಜ್ವರ ಬಂದಾಗ ಮಡಿಲಲ್ಲಿ ಮಲಗಿಸಿಕೊಂಡವಳು ಅವಳು. ಇವನಿಗೆ ಹತ್ತೊಂಬತ್ತಾಗುವವರೆಗೆ ತನ್ನ ಮದುವೆಯ ಮಾತೆತ್ತಲು ಬಿಡಲಿಲ್ಲವಂತೆ. ಆಮೇಲೆ ಹಡಗು ರಿಪೇರಿ ಮಾಡುವವನೊಬ್ಬನನ್ನು ಮದುವೆಯಾಗಿ, ಅವನ ಜೊತೆ ಹಡಗಿನಲ್ಲೇ ಇಪ್ಪತ್ಮೂರು ದಿನ ಪ್ರಯಾಣ ಮಾಡಿ, ಬಹಳ ದೂರದ ಒಂದು ಬಂದರಿನ ಊರಿಗೆ ಹೋದಳು. ಭಾವ ಐದೇ ವರ್ಷಕ್ಕೆ ತೀರಿಕೊಂಡ. ಮಕ್ಕಳಿರಲಿಲ್ಲ. ಅವಳು ಅಲ್ಲೇ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಹಾಸಿಗೆ ಹೊದಿಕೆಗಳನ್ನು ಮಡಿಸುವ ಕೆಲಸಕ್ಕೆ ಸೇರಿದಳು. ಹೊರಟ ಮೇಲೆ ತಿರುಗಿ ಬರಲಿಲ್ಲ. ಅವಳೂ ವಿಮಾನ ಹತ್ತಿದವಳಲ್ಲ.

ತಿಂಗಳ ಮೊದಲ ಶುಕ್ರವಾರ ಅವಳು ಕಚೇರಿಗೆ ಫೋನ್ ಮಾಡುತ್ತಿದ್ದಳು. ನನಗೆ ಅವಳ ದನಿ ಕೇಳುತ್ತಿರಲಿಲ್ಲ, ಇವನದು ಮಾತ್ರ. ಆದರೆ ಅವಳು ಏನು ಕೇಳಿದಳೆಂದು ಇವನ ಉತ್ತರದಿಂದ ತಿಳಿಯುತ್ತಿತ್ತು. ಮೊದಲು ಊಟ, ಆಮೇಲೆ ಮೊಣಕಾಲು ನೋವು, ಆಮೇಲೆ ಅವರಿಬ್ಬರ ಹಳೆಯ ಆಟ. ಎಷ್ಟು ದೂರ ಆಯ್ತೋ ನಿನ್ನೂರು, ಎಂದು ಅವಳು ಕೇಳುವಳು. ಇವನು ಕಚೇರಿಯ ದನಿಯಲ್ಲಿ, "ಹದಿನಾಲ್ಕು ಗಂಟೆ ಹತ್ತು ನಿಮಿಷ ಮೇಡಂ" ಅನ್ನುವನು. ಅವಳು ಇನ್ನೂ ಅಷ್ಟೇನಾ, ಒಂಚೂರೂ ಕಡಿಮೆ ಆಗಿಲ್ವಾ ಅನ್ನುವಳು. ಇವನು ನಗುವನು. ಇಪ್ಪತ್ಮೂರು ದಿನ ಸಮುದ್ರದ ಮೇಲೆ ಹೋದವಳಿಗೆ ಹದಿನಾಲ್ಕು ಗಂಟೆ ಎಂದರೆ ಪಕ್ಕದ ಕೋಣೆ. ಅದು ಅವಳಿಗೊಂದು ಧೈರ್ಯವಾಗಿತ್ತು ಎಂದು ಕಾಣುತ್ತದೆ. ಇವನಿಗೂ ಅಷ್ಟೇ. ದೂರವನ್ನು ನಿಮಿಷದ ತನಕ ತಿಳಿದುಕೊಂಡವನಿಗೆ ಹೋಗಿಬಂದಷ್ಟೇ ತೃಪ್ತಿ ಸಿಗುತ್ತಿತ್ತೋ ಏನೋ. ನನಗೆ ಇದು ಆಗಲೂ ಇಷ್ಟವಾಗುತ್ತಿರಲಿಲ್ಲ, ಈಗಂತೂ ಸಿಟ್ಟೇ ಬರುತ್ತದೆ.

ಅವನ ಕೋಣೆಯನ್ನು ನಾನು ಒಮ್ಮೆ ಮಾತ್ರ ನೋಡಿದ್ದೇನೆ. ಅವನಿಗೆ ಮೈ ಹುಷಾರಿಲ್ಲವೆಂದು ಮಾತ್ರೆ ಕೊಡಲು ಹೋಗಿದ್ದೆ. ಬೀಗದ ಕೈ ಮಾಡುವವನ ಅಂಗಡಿಯ ಮೇಲಿನ ಒಂಟಿ ಕೋಣೆ. ಕೆಳಗಿನಿಂದ ಇಡೀ ದಿನ ಕಬ್ಬಿಣ ಉಜ್ಜುವ ಸದ್ದು. ಒಂದು ಮಂಚ, ಒಂದು ಕುರ್ಚಿ, ಗೋಡೆಯ ಮೊಳೆಗೆ ಇಸ್ತ್ರಿ ಮಾಡಿದ ಎರಡು ಅಂಗಿ, ತೊಳೆದು ಬೋರಲು ಹಾಕಿದ ಒಂದು ತಟ್ಟೆ, ಒಂದು ಲೋಟ. ಎರಡನೆಯ ಲೋಟ ಇರಲಿಲ್ಲ. ನನಗೆ ಚಹಾ ಕೊಡಲು ಅವನು ತನ್ನ ಲೋಟವನ್ನು ತೊಳೆದು ಕೊಟ್ಟು, ನಾನು ಕುಡಿದು ಮುಗಿಸುವವರೆಗೆ ಕಾದು, ಮತ್ತೆ ತೊಳೆದು ತಾನು ಕುಡಿದ. ಮೆಟ್ಟಿಲಿಳಿಯುವಾಗ ನನಗೆ ಅಳು ಬಂದಂತಾಯಿತು. ಅದನ್ನು ಮುಚ್ಚಿಕೊಳ್ಳಲು ಕೆಳಗಿನ ಬೀಗದವನ ಹತ್ತಿರ ಬೇಡದಿದ್ದರೂ ಒಂದು ಬೀಗ ಕೊಂಡೆ.

ಒಂದು ಸಲ ಅವನಿಗೆ ಹೆಣ್ಣು ನೋಡುವ ಶಾಸ್ತ್ರವೂ ನಡೆಯಿತು. ಟಿಕೆಟ್ ವಿಭಾಗದವರೊಬ್ಬರು ತಮ್ಮ ನಾದಿನಿಯನ್ನು ತೋರಿಸಿದರು. ಹುಡುಗಿ ಒಳ್ಳೆಯವಳು, ಮಾತುಗಾತಿ. ಇವನ ಜೊತೆ ಅರ್ಧ ಗಂಟೆ ಕೂತು, ಹೊರಗೆ ಬಂದು ಹೇಳಿದಳಂತೆ: "ಒಳ್ಳೆಯವ್ರೇ. ಆದ್ರೆ ನಾನು ಏನು ಕೇಳಿದ್ರೂ ಫೋನಲ್ಲಿ ಹೇಳೋ ಹಾಗೆ ಹೇಳ್ತಾರೆ. ಮುಗಿದ ಮೇಲೆ ಇನ್ನೇನಾದ್ರೂ ಬೇಕಾ ಅಂತ ಕೇಳಿದ್ರು." ಕಚೇರಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಅವನೂ ನಕ್ಕ. ಭಾನುವಾರ ಕಚೇರಿಗೆ ರಜೆ ಇದ್ದರೂ ವಿಚಾರಣೆಯ ಫೋನಿಗೆ ಒಬ್ಬರು ಇರಬೇಕಿತ್ತು. ಆ ವರ್ಷದಿಂದ ಪ್ರತಿ ಭಾನುವಾರದ ಪಾಳಿಯನ್ನೂ ಅವನೇ ಕೇಳಿ ಹಾಕಿಸಿಕೊಂಡ.

ಆ ದಿನ ಬುಧವಾರ. ಬೆಳಗ್ಗೆ ಹನ್ನೊಂದಕ್ಕೆ ಇಪ್ಪತ್ತು ನಿಮಿಷವಿತ್ತು. ನಾನು ಯಾರದೋ ನೀಲಿ ಪೆಟ್ಟಿಗೆ ಹುಡುಕುತ್ತ ನಡುವಿನ ನಿಲ್ದಾಣದವರ ಜೊತೆ ಫೋನಿನಲ್ಲಿ ಜಗಳವಾಡಿ ಆಗಷ್ಟೇ ಕೆಳಗಿಟ್ಟಿದ್ದೆ. ಅವನ ಫೋನು ರಿಂಗಾಯಿತು. "ವಿಚಾರಣೆ" ಎಂದ. ಆಮೇಲೆ, "ಅಕ್ಕಾ? ಇವತ್ತು ಶುಕ್ರವಾರ ಅಲ್ವಲ್ಲ" ಎಂದ. ಅವಳಿದ್ದಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ.

ಅವಳು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ ಎರಡು ವಾರದಿಂದ ಮಲಗಿದ್ದಳು. ಹೊಟ್ಟೆಯ ಕಾಯಿಲೆ, ಎಲ್ಲ ಕಡೆ ಹರಡಿತ್ತು. ಇವನಿಗೆ ಹೇಳಿರಲಿಲ್ಲ, ಮೊಣಕಾಲು ನೋವೆಂದೇ ಸಾಗಹಾಕಿದ್ದಳು. ಈಗ ನೋವು ತಡೆಯುವಂತಿರಲಿಲ್ಲ. ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದ್ದರು: ನೋವಿಗೆ ದೊಡ್ಡ ಸೂಜಿ ಕೊಡುತ್ತೇವೆ, ನೋವು ಗೊತ್ತಾಗುವುದಿಲ್ಲ, ಆದರೆ ನಿದ್ದೆ ಹತ್ತುತ್ತದೆ, ಆ ನಿದ್ದೆಯಿಂದ ಮತ್ತೆ ಎದ್ದು ಮಾತಾಡುತ್ತೀರೆಂದು ನಂಬಬೇಡಿ. ಯಾರನ್ನಾದರೂ ನೋಡುವುದಿದ್ದರೆ ಮೊದಲು ನೋಡಿಕೊಳ್ಳಿ. ಅದನ್ನು ಹೇಳಲು ಅವಳು ಫೋನ್ ಮಾಡಿದ್ದಳು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆಗ ಕೇಳಿಸಿದ್ದು ಇವನ ಮಾತು ಮಾತ್ರ.

"ಬರ್ತೀನಿ. ಈಗ್ಲೇ ಹೊರಟೆ. ಹೂಂ ಅಕ್ಕಾ, ಈಗ್ಲೇ, ಕುರ್ಚಿಯಿಂದ ಎದ್ದೆ ಅಂತ್ಲೇ ತಿಳ್ಕೋ." ನಿಜಕ್ಕೂ ಎದ್ದು ನಿಂತಿದ್ದ. ಫೋನಿನ ದಾರ ಬಿಗಿಯಾಗಿ ಎಳೆದು, ಮೇಜಿನ ಮೇಲಿದ್ದ ಪೆನ್ನು ಉರುಳಿ ಬಿತ್ತು. ಆ ಕಡೆಯಿಂದ ಏನೋ ಕೇಳಿದಳು. ಅವನು ಹೇಳಿದ: "ಹದಿನಾಲ್ಕು ಗಂಟೆ ಹತ್ತು ನಿಮಿಷ."

ಆಟದ ದನಿಯಲ್ಲ. ಕಚೇರಿಯ ದನಿಯೂ ಅಲ್ಲ. ಬಾಯಿಂದ ತಾನಾಗಿ ಬಂದದ್ದು. ನಾನು ಅವನ ಬೆನ್ನಿಗೇ ಕೂತಿದ್ದೆ. ದಿನಕ್ಕೆ ಹತ್ತು ಸಲ ನಡುವಿನ ನಿಲ್ದಾಣದವರ ಜೊತೆ ಜಗಳವಾಡುವವಳು ನಾನು. ಅಲ್ಲಿ ಮನುಷ್ಯರೂ ಪೆಟ್ಟಿಗೆಗಳೂ ಎಷ್ಟೆಷ್ಟು ಹೊತ್ತು ಬಿದ್ದಿರುತ್ತಾರೆ ಎಂದು ಈ ಕಚೇರಿಯಲ್ಲಿ ನನ್ನಷ್ಟು ತಿಳಿದವರಿಲ್ಲ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ನನ್ನ ಕಿವಿಗೂ ಅದು ಸರಿಯಾಗಿಯೇ ಕೇಳಿಸಿತು. ಸರಿಯಾದ ಉತ್ತರವೇ ಅದು, ಪಟ್ಟಿಯಲ್ಲಿ ಇದ್ದದ್ದೂ ಅದೇ.

ಮುಂದಿನದನ್ನೆಲ್ಲ ನಾವು ಬಹಳ ಚುರುಕಾಗಿ ಮಾಡಿದೆವು ಎಂದು ಆಗ ಹೆಮ್ಮೆಪಟ್ಟುಕೊಂಡಿದ್ದೆ. ದೊಡ್ಡ ಸಾಹೇಬರು ತಾವೇ ಕೆಳಗಿಳಿದು ಬಂದು ಸಂಜೆ ನಾಲ್ಕೂವರೆಯ ವಿಮಾನದಲ್ಲಿ ಅವನಿಗೆ ಜಾಗ ಮಾಡಿಸಿದರು. ಅಕ್ಕ ಇದ್ದೂರಿಗೆ ನೇರ ವಿಮಾನ ಇರಲಿಲ್ಲ. ಮೊದಲನೆಯದು ಎಂಟು ಗಂಟೆ ಐದು ನಿಮಿಷ, ನಡುವೆ ಇಳಿದು ಬೇರೆಯದು ಹತ್ತಬೇಕು, ಅದು ಆರು ಗಂಟೆ ಐದು ನಿಮಿಷ. ಪಾಸ್‌ಪೋರ್ಟು ಅವನ ಮೇಜಿನ ಡ್ರಾಯರಿನಲ್ಲೇ ಇತ್ತು, ಒಂದು ಮುದ್ರೆಯೂ ಬೀಳದೆ ಹೊಸದಾಗಿ; ಅಕ್ಕನ ಊರಿಗೆ ವೀಸಾ ಬೇಕಿರಲಿಲ್ಲ. ನಾನು ಅವನ ಕೋಣೆಗೆ ಹೋಗಿ ಅಂಗಿಗಳನ್ನು ಚೀಲಕ್ಕೆ ತುಂಬಿಸಿದೆ. "ಪೆಟ್ಟಿಗೆ ಕೆಳಗೆ ಹಾಕಬೇಡ, ಕೈಯಲ್ಲೇ ಇಟ್ಕೋ. ಕಳೆದ್ರೆ ನಾನೇ ಹುಡುಕಬೇಕು" ಎಂದೆ. ಅವನು ನಗಲಿಲ್ಲ.

ವಿಮಾನದೊಳಗೆ ಅವನಿಗೆ ಕಿಟಕಿಯ ಪಕ್ಕದ ಜಾಗ ಸಿಕ್ಕಿತ್ತು. ಹೊರಗೆ ನೋಡಲೇ ಇಲ್ಲವಂತೆ. ಮುಂದಿನ ಕುರ್ಚಿಯ ಬೆನ್ನನ್ನೇ ನೋಡುತ್ತ, ಅಕ್ಕನಿಗೆ ಏನು ಹೇಳಬೇಕೆಂದು ಯೋಚಿಸಿದನಂತೆ. ಹೇಳುವುದು ಬಹಳವೇನೂ ಇರಲಿಲ್ಲ. ಇಷ್ಟು ವರ್ಷ ಬರಲಿಲ್ಲ, ತಪ್ಪಾಯಿತು ಎನ್ನಬೇಕು. ನಿನ್ನ ಮಡಿಲ ವಾಸನೆ ಇನ್ನೂ ನೆನಪಿದೆ ಎನ್ನಬೇಕು. ಅಷ್ಟು ಹೇಳುವುದಕ್ಕೆ ಅವಳು ಎಚ್ಚರವಾಗಿರಬೇಕು, ಅದೊಂದೇ ಅವನಿಗೆ ಬೇಕಾಗಿದ್ದದ್ದು. ವಿಮಾನ ಎಂಟು ಗಂಟೆ ಐದು ನಿಮಿಷಕ್ಕೆ ಸರಿಯಾಗಿ ಇಳಿಯಿತು. ಪಟ್ಟಿ ತಪ್ಪಿರಲಿಲ್ಲ.

ಇಳಿದು, ಉದ್ದನೆಯ ದಾರಿಯಲ್ಲಿ ಜನರ ಹಿಂದೆ ನಡೆದು, ದೊಡ್ಡ ಹಾಲಿಗೆ ಬಂದ. ನೆಲಕ್ಕೆ ಹೊಳಪು, ಮೇಲೆ ಬಿಳಿ ದೀಪಗಳು, ಹಗಲೋ ಇರುಳೋ ತಿಳಿಯದು. ಬೆಂಚುಗಳ ಮೇಲೆ ಜನ ಕೋಟು ಹೊದ್ದು ಮಲಗಿದ್ದರು. ಗೋಡೆಯ ಫಲಕದಲ್ಲಿ ತನ್ನ ಮುಂದಿನ ವಿಮಾನ ಹುಡುಕಿದ. ಅದಕ್ಕೆ ಇನ್ನೂ ಒಂಬತ್ತು ಗಂಟೆ ನಲವತ್ತು ನಿಮಿಷವಿತ್ತು.

ಆಗ ಅವನು ಕೈಗಡಿಯಾರ ನೋಡಿಕೊಂಡ. ಅಕ್ಕನ ಜೊತೆ ಮಾತಾಡಿ ಹದಿಮೂರು ಗಂಟೆ ಐವತ್ತೈದು ನಿಮಿಷ ಆಗಿತ್ತು. ಹದಿನೈದು ನಿಮಿಷದಲ್ಲಿ ಅವನು ಅವಳ ಹಾಸಿಗೆಯ ಪಕ್ಕದಲ್ಲಿರಬೇಕಿತ್ತು, ಹಾಗೆಂದು ತಾನೇ ಹೇಳಿದ್ದ. ಹಾಲಿನ ನಡುವೆ ಚೀಲ ಕೆಳಗಿಟ್ಟು, ಬೆರಳು ಮಡಿಸಿ ಮತ್ತೊಮ್ಮೆ ಲೆಕ್ಕ ಹಾಕಿದನಂತೆ. "ಪೆಟ್ಟಿಗೆಯಕ್ಕಾ, ನಾನು ದಿನಾ ಜನಕ್ಕೆ ಹೇಳ್ತಿದ್ದೆನಲ್ಲ, ಅದು ವಿಮಾನದ ಹೊತ್ತು. ಮನುಷ್ಯರ ಹೊತ್ತು ನಾನು ಯಾವತ್ತೂ ಹೇಳೇ ಇರಲಿಲ್ಲ" ಎಂದ ನನಗೆ.

ಫೋನಿಗೆ ಓಡಿದ. ಆ ಫೋನಿಗೆ ಅಲ್ಲಿಯ ಕಾರ್ಡು ಬೇಕಿತ್ತು. ಕಾರ್ಡು ಮಾರುವ ಅಂಗಡಿಯಲ್ಲಿ ಸಾಲಿತ್ತು. ಸಾಲು ಅವನಿಗೆ ಹೊಸದು. ಯಾರನ್ನೂ ದಾಟಿ ಹೋಗಲು ಬಾಯಿ ಬರಲಿಲ್ಲ, ಎಲ್ಲರೂ ಹೋದ ಮೇಲೆ ಕೊಂಡ. ವಾರ್ಡಿನ ನಂಬರು ಅಕ್ಕ ಕೊಟ್ಟಿದ್ದಳು. ಮೊದಲ ಸಲ ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಒಬ್ಬಳು ಎತ್ತಿದಳು, ಅವಳ ಭಾಷೆ ಇವನಿಗೆ ಬಾರದು. ಹಾಸಿಗೆಯ ನಂಬರು ಹೇಳಿದ, ಅಕ್ಕನ ಹೆಸರು ಹೇಳಿದ, ತಮ್ಮ ಎಂದ, ತಮ್ಮ ಎಂದು ಮತ್ತೆ ಹೇಳಿದ. ಅವಳು ಏನೋ ಅಂದು, ಫೋನನ್ನು ಮೇಜಿನ ಮೇಲೆ ಇಟ್ಟು ಹೋದಳು. ಅವಳ ಚಪ್ಪಲಿಯ ಸದ್ದು ದೂರವಾಗುವುದು ಕೇಳಿಸಿತು, ಪಾತ್ರೆಯ ಸದ್ದು ಕೇಳಿಸಿತು, ಯಾರೋ ನರಳುವುದೂ ಕೇಳಿಸಿತು. ಅದು ಅಕ್ಕನೇ ಇರಬಹುದೆಂದು ಕಿವಿಗೊಟ್ಟು ನಿಂತಿದ್ದಾಗಲೇ ಕಾರ್ಡು ಮುಗಿಯಿತು. ಮತ್ತೊಂದು ಕೊಂಡು ಬಂದು ಮಾಡಿದ. ಲೈನು ಬಿಡುವಿಲ್ಲ, ಬಿಡುವಿಲ್ಲ ಎಂದೇ ಬಂತು. ಆ ಕಡೆ ಫೋನನ್ನು ಮೇಜಿನ ಮೇಲಿಟ್ಟವಳು ಎತ್ತಿಡುವುದನ್ನು ಮರೆತಿರಬೇಕು.

ಮಿಕ್ಕ ಒಂಬತ್ತು ಗಂಟೆಯನ್ನು ಅವನು ಹೇಗೆ ಕಳೆದನೋ ನನಗೆ ಸರಿಯಾಗಿ ಹೇಳಲಿಲ್ಲ. ಫೋನಿನ ಎದುರಿನ ಬೆಂಚಿನಲ್ಲಿ ಕೂತಿದ್ದನಂತೆ, ಆಗಾಗ ಎದ್ದು ಪ್ರಯತ್ನಿಸುತ್ತಿದ್ದನಂತೆ. ಪಕ್ಕದಲ್ಲಿ ಕೂತ ಹೆಂಗಸೊಬ್ಬಳು ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಇವನಿಗೆ ಕೊಟ್ಟಳು. ಅವಳು ಎಲ್ಲಿಗೆ ಎಂದು ಕೈಸನ್ನೆಯಲ್ಲೇ ಕೇಳಿದಳು. ಇವನು ಹೇಳಿದ. ಎಷ್ಟು ಹೊತ್ತು ಎಂದು ಕೈಗಡಿಯಾರ ತೋರಿಸಿದಳು. ಕೊಟ್ಟ ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅತ್ತನಂತೆ, ಅವಳು ಬೆನ್ನು ಸವರಿದಳಂತೆ. ಅಷ್ಟು ವರ್ಷದಲ್ಲಿ ಅವನ ಬೆನ್ನು ಮುಟ್ಟಿದ ಮೊದಲ ಕೈ ಅದೇ ಇರಬೇಕು. ನನ್ನ ಕುರ್ಚಿ ತಾಗುತ್ತಿತ್ತು, ಕೈಯಲ್ಲ.

ಆಸ್ಪತ್ರೆಯ ಬಾಗಿಲು ದಾಟಿದಾಗ, ಅಕ್ಕನ ಫೋನು ಬಂದು ಮೂವತ್ತೊಂದು ಗಂಟೆ ನಲವತ್ತು ನಿಮಿಷವಾಗಿತ್ತು. ಅಲ್ಲಿ ಮಧ್ಯಾಹ್ನ. ಏಳನೆಯ ಹಾಸಿಗೆಯಲ್ಲಿ ಅಕ್ಕ ಮಲಗಿದ್ದಳು. ಅವನ ನೆನಪಿನಲ್ಲಿದ್ದವಳು ಎತ್ತರದ ಹೆಂಗಸು. ಇಲ್ಲಿ ಹೊದಿಕೆಯ ಕೆಳಗೆ ಮನುಷ್ಯರಿದ್ದಾರೆಂದೇ ತಿಳಿಯುತ್ತಿರಲಿಲ್ಲ. ಉಸಿರು ನಿಧಾನವಾಗಿ ಆಡುತ್ತಿತ್ತು. ಸೂಜಿ ಹಿಂದಿನ ಸಂಜೆಯೇ ಬಿದ್ದಿತ್ತು. ಅವನು ಕೂತು, ಕೈ ಹಿಡಿದು, ಅಕ್ಕಾ ಅಂದ. ಎರಡು ಹಗಲು ಎರಡು ರಾತ್ರಿ ಅಂದ. ಅವಳು ಏಳಲಿಲ್ಲ. ಮೂರನೆಯ ದಿನ ಬೆಳಗ್ಗೆ ಉಸಿರು ನಿಂತಿತು.

ಹನ್ನೆರಡು ದಿನದ ಮೇಲೆ ಅವನು ಕಚೇರಿಗೆ ಬಂದಾಗ ನಾವೆಲ್ಲ ಎದ್ದು ನಿಂತೆವು. "ನೋವಿರಲಿಲ್ಲ, ನಿದ್ದೆಯಲ್ಲೇ ಹೋದ್ರು" ಎಂದು ಎಲ್ಲರಿಗೂ ಒಂದೇ ಮಾತು ಹೇಳಿದ. ನನಗೆ ದಾರಿಯ ಕತೆ ಸ್ವಲ್ಪ ಸ್ವಲ್ಪವಾಗಿ, ದಿನಕ್ಕೊಂದು ತುಂಡು ಹೇಳಿದ. ನಾನು ಆ ದಿನ ಬಾಯಿ ಬಿಡದೆ ಕೂತದ್ದಕ್ಕೆ ಕ್ಷಮೆ ಕೇಳಿದೆ. "ನೀವೇನು ಮಾಡ್ತೀರಿ ಪೆಟ್ಟಿಗೆಯಕ್ಕಾ, ಪಟ್ಟಿ ನಂದು" ಎಂದ. ನೋಡಲು ಮೊದಲಿನಂತೆಯೇ ಇದ್ದ. ಅಂಗಿಗೆ ಇಸ್ತ್ರಿ ಇತ್ತು, ಮಂಗಳವಾರದ ಮುದುಕರಿಗೆ ಉತ್ತರ ಹೋಗುತ್ತಿತ್ತು. ಒಳ್ಳೆಯದೇ ಆಯಿತು, ಬೇಗ ಸುಧಾರಿಸಿಕೊಂಡ ಎಂದು ನಾನು ತಿಳಿದೆ. ಮನುಷ್ಯರನ್ನು ಓದುವುದರಲ್ಲಿ ನನ್ನಷ್ಟು ದಡ್ಡಿ ಇನ್ನೊಬ್ಬಳಿಲ್ಲ.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಯಾರೋ ಹೆಣ್ಣುಮಗಳು ಫೋನ್ ಮಾಡಿದಳು. ಅವಳ ಅಮ್ಮ ಎಲ್ಲೋ ದೂರದಲ್ಲಿದ್ದಾರೆ, ಎಷ್ಟು ಹೊತ್ತಿಗೆ ಬರ್ತೀನಿ ಅಂತ ಹೇಳಬೇಕು ಎಂದಳಂತೆ. ಇವನು ಹೇಳತೊಡಗಿದ: "ನಿಮ್ಮ ಮನೆ ಬಾಗಿಲಿಂದ ಶುರು ಮಾಡೋಣಮ್ಮಾ. ಮನೆಯಿಂದ ನಿಲ್ದಾಣಕ್ಕೆ ಬಸ್ಸೋ ಕಾರೋ? ಅಲ್ಲಿ ಮೂರು ಗಂಟೆ ಮುಂಚೆ ಇರಬೇಕು. ನಡುವೆ ಎಲ್ಲಿ ಇಳೀತೀರಿ? ಅಲ್ಲಿ ಎಷ್ಟು ಕಾಯಬೇಕು ಅಂತ ಟಿಕೆಟಲ್ಲಿ ನೋಡಿ ಹೇಳಿ, ನಾನು ಹಿಡ್ಕೊಂಡಿರ್ತೀನಿ." ಇಪ್ಪತ್ತು ನಿಮಿಷ ಮಾತಾಡಿದ. ಮಿಕ್ಕ ಎರಡು ಫೋನು ರಿಂಗಾಗಿ ರಿಂಗಾಗಿ ಸುಮ್ಮನಾದವು. ಟಿಕೆಟ್ ವಿಭಾಗದವರು ಬಾಗಿಲಲ್ಲಿ ಇಣುಕಿ ಹುಬ್ಬು ಗಂಟಿಕ್ಕಿದರು. ನಾನು ಗೋಡೆಗೆ ಅಂಟಿಸಿದ ನಿಯಮದ ಕಡೆ ಕೈ ತೋರಿಸಿದೆ, ತಮಾಷೆಗೆ. ಅವನು ಫೋನಿಟ್ಟು, ಕುರ್ಚಿಯನ್ನು ನನ್ನ ಕಡೆ ತಿರುಗಿಸಿದ. ಹತ್ತೊಂಬತ್ತು ವರ್ಷದಲ್ಲಿ ಅವನು ಪೂರ್ತಿ ನನ್ನ ಕಡೆ ತಿರುಗಿ ಕೂತದ್ದು ಅದೇ ಮೊದಲು.

"ನಿಮಗೆ ಒಂದು ಹೇಳಿಲ್ಲ" ಎಂದ.

ಅಕ್ಕನ ಜೊತೆ ಬಟ್ಟೆ ಮಡಿಸುವ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳಿದ್ದಳಂತೆ. ನಮ್ಮ ಭಾಷೆ ಬಲ್ಲವಳು, ಆ ಊರಲ್ಲಿ ಅಕ್ಕನಿಗಿದ್ದ ಒಬ್ಬಳೇ ಗೆಳತಿ. ಸೂಜಿ ಹಾಕುವ ತನಕ ಹಾಸಿಗೆಯ ಪಕ್ಕದಲ್ಲಿ ಇದ್ದವಳು ಅವಳು. ಎರಡು ದಿನವೂ ಇವನ ಮುಖ ನೋಡದೆ ಓಡಾಡಿದಳು. ಎಲ್ಲ ಮುಗಿದು, ಇವನು ಹೊರಡುವ ದಿನ, ಒಗೆಯುವ ಕೋಣೆಯ ಬಾಗಿಲಲ್ಲಿ ನಿಲ್ಲಿಸಿಕೊಂಡು ಹೇಳಿದಳು.

ಫೋನಿಟ್ಟ ಕೂಡಲೇ ಅಕ್ಕ ನರ್ಸನ್ನು ಕರೆದು, ಹದಿನಾಲ್ಕು ಗಂಟೆ ಹತ್ತು ನಿಮಿಷ ಸೂಜಿ ಬೇಡ, ತಮ್ಮ ಬರುತ್ತಿದ್ದಾನೆ ಎಂದಳಂತೆ. ಇಡೀ ದಿನ ಹೊದಿಕೆಯ ಅಂಚನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು. ಕೂಗಿದರೆ ಸೂಜಿ ಹಾಕಿಬಿಡುತ್ತಾರೆಂದು ಕೂಗಲಿಲ್ಲ. ಆಗಾಗ ಗೆಳತಿಯನ್ನು ಗಂಟೆ ಎಷ್ಟು ಎಂದು ಕೇಳುತ್ತಿದ್ದಳು. ಸಂಜೆ ಹೇಳಿದ ಹೊತ್ತಾಯಿತು. ತಲೆ ಬಾಚಿಸಿಕೊಂಡು ಬಾಗಿಲ ಕಡೆ ತಿರುಗಿ ಮಲಗಿದಳು. ಇನ್ನೂ ಮುಕ್ಕಾಲು ಗಂಟೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಗೆಳತಿಗೆ ನೋಡಲಾಗಲಿಲ್ಲ. ವಿಮಾನ ತಡ ಆಗಿರ್ಬೇಕು ಕಣೇ, ದಾರೀಲಿ ಇರ್ತಾನೆ, ಬರ್ತಾನೆ ಎಂದಳು.

ಗಡಿಯಾರಪ್ಪನ ಹಿಂದೆ ಫೋನು ರಿಂಗಾಯಿತು, ಎತ್ತಲಿಲ್ಲ. ಆಮೇಲೆ ಅಕ್ಕ ಹೇಳಿದ್ದನ್ನು, ಅವಳು ಹೇಳಿದ ಹಾಗೆಯೇ, ನನಗೆ ಹೇಳಿದ.

"ಇಲ್ಲ ಕಣೇ, ನನ್ನ ತಮ್ಮ ಹೊತ್ತು ಹೇಳಿದ್ರೆ ಒಂದು ನಿಮಿಷಾನೂ ತಪ್ಪೋದಿಲ್ಲ. ಇಷ್ಟೊತ್ತಾದ್ರೂ ಬಂದಿಲ್ಲ ಅಂದ್ರೆ, ಅವನು ಹೊರಟೇ ಇಲ್ಲ. ಸೂಜಿ ಹಾಕೋಕೆ ಹೇಳು."